ಪಕ್ಕದ ದೋಣಿಯ ಅಕ್ಕನಿಗೆ, ಮತ್ತು ನಿಮ್ಮೆಲ್ಲರಿಗೆ

ನಮ್ಮ ಹಾಯಿದೋಣಿ ಈಗ ಉಪ್ಪುನೀರಿನಲ್ಲಿ ನಿಂತಿದೆ. ಹಾಯಿಕಂಬ ಎದ್ದಿದೆ, ಹಗ್ಗಗಳು ಬಿಗಿಯಾಗಿವೆ, ಒಳಗಿನ ತಳ ಒಣಗಿದೆ. ಮೂರು ತಿಂಗಳಿಂದ "ಬಂತಾ? ಎಲ್ಲಿಗೆ ಬಂತು?" ಎಂದು ಕೇಳುತ್ತಲೇ ಇದ್ದಿರಿ. ಎಷ್ಟೋ ಸಲ ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಹೇಳುತ್ತೇನೆ: ಬಂತು.

ನಾವು ಸರೋವರದ ದಡ ಬಿಟ್ಟು ಈ ತೀರಕ್ಕೆ ಯಾಕೆ ಬಂದೆವು, ಅಪ್ಪನ ಮರೆವಿನ ಕಾಯಿಲೆ ಎಲ್ಲಿಗೆ ಬಂದಿದೆ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ದೋಣಿ ಮಾರಿಬಿಡು ಎಂದವರ ಮೇಲೆ ನನಗೆ ಬೇಸರವಿಲ್ಲ. ಲೆಕ್ಕಕ್ಕೆ ನೋಡಿದರೆ ಅವರು ಹೇಳಿದ್ದೇ ಸರಿ. ಮೂವತ್ತು ವರ್ಷ ದಾಟಿದ 28 ಅಡಿಯ ದೋಣಿಯನ್ನು ದೇಶದ ಒಂದು ಬದಿಯಿಂದ ಇನ್ನೊಂದು ಬದಿಗೆ ಲಾರಿಯಲ್ಲಿ ತರುವ ಖರ್ಚಿಗೆ ಇಲ್ಲೇ ಅಂಥದ್ದೊಂದು ಸಿಕ್ಕಿಬಿಡುತ್ತಿತ್ತು. ಆದರೆ ಅದರ ಚುಕ್ಕಾಣಿಯ ಹಿಡಿಯನ್ನು ಅಪ್ಪ ಕೆತ್ತಿರುತ್ತಿರಲಿಲ್ಲ.

ಹಾಯಿಕಂಬ ಇಳಿಸಿದ ದಿನ ಬೆಳಕು ಹರಿಯುವ ಮೊದಲೇ ಬಂದು ನಿಂತ ಇಬ್ಬರು ಗೆಳೆಯರಿಗೆ ಮೊದಲ ವಂದನೆ. ಕಂಬವನ್ನು ನಾಲ್ಕೂ ಕಡೆಯಿಂದ ಎಳೆದು ಹಿಡಿಯುವ ತಂತಿಗಳಿಗೆ ಅವನ್ನು ಬಿಗಿಸಿ ಸಡಿಲಿಸುವ ಒಂದೊಂದು ಟರ್ನ್‌ಬಕಲ್ ಇರುತ್ತದಲ್ಲ, ಅದನ್ನು ಸಡಿಲಿಸುವ ಮೊದಲು ತಿರುಪು ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಟೇಪು ಸುತ್ತಿ ಸಂಖ್ಯೆ ಬರೆದಿಟ್ಟವರು ಅವರು. ನನಗೆ ಅದು ಹೊಳೆದೇ ಇರಲಿಲ್ಲ. ಇಲ್ಲಿ ಕಂಬ ಎತ್ತಿದಾಗ ಟೇಪಿನವರೆಗೆ ತಿರುಗಿಸಿ ನಿಲ್ಲಿಸಿದೆ, ಅಷ್ಟೇ. ಕಂಬ ನೆಟ್ಟಗೆ ನಿಂತಿತು. "ಮುಂದಿನ ವಾರ ಖಂಡಿತ" ಎಂದು ವಾರಗಟ್ಟಲೆ ಕಾಯಿಸಿದ ಸಾಗಣೆಯವರ ವಿಷಯ ಇಲ್ಲಿ ಬೇಡ. ಕೊನೆಗೆ ಬಂದ ಲಾರಿಯ ಚಾಲಕರ ವಿಷಯ ಬೇಕು. ದೋಣಿಯ ಭಾರವೆಲ್ಲ ಕೀಲ್ ಮೇಲೆ, ಅಂದರೆ ತಳದಿಂದ ಕೆಳಗೆ ಚಾಚಿಕೊಂಡ ಭಾರದ ರೆಕ್ಕೆಯ ಮೇಲೆ ಕೂರಬೇಕು, ಪಕ್ಕದ ಆಸರೆಗಳು ಅದು ವಾಲದಂತೆ ಹಿಡಿದರೆ ಸಾಕು. ಆದರೆ ಆ ಆಸರೆಗಳು ತಪ್ಪು ಜಾಗದಲ್ಲಿ ಕೂತರೆ ಮೈ ಒಳಗೆ ಬಾಗುತ್ತದೆ. ಅವರು ದೋಣಿಯ ಸುತ್ತ ನಡೆಯುತ್ತ ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋದರು. ಟೊಳ್ಳು ಸದ್ದು ಬಂದ ಕಡೆ ಮುಂದಕ್ಕೆ ಹೋಗುವುದು, ಗಟ್ಟಿ ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕುವುದು. ಗಟ್ಟಿ ಸದ್ದೆಂದರೆ ಒಳಗೆ ಅಡ್ಡಗೋಡೆ ಇದೆ ಎಂದು ಅರ್ಥ. ಆಸರೆಗಳನ್ನು ಅಲ್ಲಲ್ಲೇ ಕೂರಿಸಿದರು. ಅಗಲದ ಹೊರೆ ಆದ್ದರಿಂದ ಹಗಲಲ್ಲಿ ಮಾತ್ರ ಓಡಿಸಲು ಪರವಾನಗಿ. ಹೊತ್ತು ಮುಳುಗಿ ಲಾರಿ ನಿಂತಲ್ಲಿಂದ ದಿನವೂ ಒಂದು ಫೋಟೋ ಬರುತ್ತಿತ್ತು. ಕೇಳಿ ಪಡೆದದ್ದಲ್ಲ, ಅವರಾಗಿಯೇ ಕಳಿಸುತ್ತಿದ್ದರು.

ಮರೀನಾ, ಅಂದರೆ ದೋಣಿ ಕಟ್ಟಿ ನಿಲ್ಲಿಸುವ ತಂಗುದಾಣ, ಹುಡುಕಿದ ಕಥೆ ಸ್ವಲ್ಪ ಉದ್ದ. ಸರೋವರದಲ್ಲಿ ದೋಣಿ ಕಟ್ಟಿದವರಿಗೆ ಉಬ್ಬರವಿಳಿತವೆಂದರೆ ಪುಸ್ತಕದ ಮಾತು. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರಿಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಆ ಏರಿಳಿತ ಎರಡೂವರೆ ಮೀಟರ್. ನಮ್ಮ ಕೀಲ್ ನೀರಿನೊಳಗೆ 1.4 ಮೀಟರ್ ಇಳಿಯುತ್ತದೆ. ಮೊದಲು ಮನಸೋತ ಮರೀನಾವನ್ನು ಉಬ್ಬರದ ಹೊತ್ತಿನಲ್ಲಿ ನೋಡಿ ಒಪ್ಪಿಕೊಂಡೇಬಿಟ್ಟಿದ್ದೆ. ತಂಗಿ ತಡೆದಳು. "ಅಮಾವಾಸ್ಯೆ ಇಳಿತಕ್ಕೆ ಇನ್ನೊಂದು ಸಲ ಹೋಗಿ ನೋಡು" ಎಂದಳು. ಹೋದೆ. ನಮಗೆ ಕೊಡುವುದಾಗಿ ತೋರಿಸಿದ್ದ ಜಾಗದಲ್ಲಿ ಕೆಸರು ಮಿನುಗುತ್ತಿತ್ತು, ಒಂದು ಬಕ ಆರಾಮವಾಗಿ ನಡೆದು ಹೋಗುತ್ತಿತ್ತು. ಎರಡನೆಯದು ನೋಡಲು ಚೆಂದ, ಕಚೇರಿಯವರೂ ಒಳ್ಳೆಯವರು. ಆದರೆ ಗಾಳಿ ಬೀಸುವ ದಿಕ್ಕಿಗೆ ಕೊಲ್ಲಿ ಪೂರ್ತಿ ತೆರೆದುಕೊಂಡಿತ್ತು. ಅಲ್ಲಿ ಕಟ್ಟಿದ್ದ ದೋಣಿಗಳ ಹಗ್ಗಗಳನ್ನು ನೋಡಿದೆ: ಅಂಚಿಗೆ ತಾಗುವ ಜಾಗದಲ್ಲೆಲ್ಲ ಎಳೆ ಎದ್ದು ಹತ್ತಿಯಂತಾಗಿದ್ದವು. ರಾತ್ರಿಯೆಲ್ಲ ಅಲೆ ಎಳೆದಾಡದೆ ಹಗ್ಗ ಹಾಗಾಗುವುದಿಲ್ಲ.

ಮೂರನೆಯದು ಇದು. ಹಳೆಯದು, ಬಣ್ಣ ಮಾಸಿದೆ. ದಕ್ಕೆ ನೀರಿನೊಂದಿಗೇ ಏರಿ ಇಳಿಯುವ ತೇಲುವ ದಕ್ಕೆ. ದೋಣಿಗೂ ಅದಕ್ಕೂ ಇರುವ ಒಂದು ಹೆಜ್ಜೆಯ ಎತ್ತರ ಯಾವ ಹೊತ್ತಿನಲ್ಲೂ ಬದಲಾಗದು. ಆದರೆ ದಡದಿಂದ ದಕ್ಕೆಗೆ ಇಳಿಯುವ ಕಾಲುಸೇತುವೆ ಮಾತ್ರ ಇಳಿತದಲ್ಲಿ ಕಡಿದಾಗುತ್ತದೆ. ಸೇತುವೆ ಎಂಟು ಮೀಟರಿನದ್ದಾದರೆ ಅದು ಏಣಿಯಂತೆ. ಇಲ್ಲಿಯದು 24 ಮೀಟರ್ ಉದ್ದ, ಎರಡೂ ಕಡೆ ಕೈಗಂಬಿ. ಕಡು ಇಳಿತದಲ್ಲೂ ಹತ್ತು ಹೆಜ್ಜೆಗೆ ಒಂದು ಹೆಜ್ಜೆಯಷ್ಟೇ ತಗ್ಗು. ಅಪ್ಪನ ಊರುಗೋಲು ತೆಗೆದುಕೊಂಡು ಹೋಗಿ ಆ ಸೇತುವೆಯನ್ನು ಮೂರು ಸಲ ಹತ್ತಿ ಇಳಿದೆ. ಈ ಮರೀನಾ ಆರಿಸಿದ್ದು ಅದೊಂದೇ ಕಾರಣಕ್ಕೆ. ಲಾರಿ ಬರುವವರೆಗೆ ಜಾಗ ಹಿಡಿದಿಟ್ಟ ಇಲ್ಲಿಯ ಕಚೇರಿಯವರಿಗೆ ಋಣಿ.

ಇನ್ನು ಆ ರಾತ್ರಿ.

ದೋಣಿ ನೀರಿಗಿಳಿದದ್ದು ಸಂಜೆ ನಾಲ್ಕಕ್ಕೆ. ಕ್ರೇನಿನ ಪಟ್ಟಿಗಳು ಇನ್ನೂ ಹಿಡಿದಿರುವಾಗಲೇ ಒಳಗಿಳಿದು ಸೋರಿಕೆ ನೋಡಬೇಕು; ನೋಡಿದೆ. ಪ್ರೊಪೆಲ್ಲರಿನ ದಂಡ ಹೊರಗೆ ಹೋಗುವ ಜಾಗದಲ್ಲಿ ಹನಿ ಬೀಳುತ್ತಿತ್ತು. ಅದು ಬೀಳುವುದೇ. ಅಲ್ಲಿ ದಂಡದ ಸುತ್ತ ನೀರು ತಡೆಯುವ ಬಿಗಿಬಳೆ, ಗ್ಲ್ಯಾಂಡ್ ಇದೆ. ಅದರೊಳಗೆ ಜಿಡ್ಡು ಹಚ್ಚಿದ ನಾರಿನ ಹುರಿ ಸುತ್ತಿರುತ್ತದೆ. ಐದು ವಾರ ನೆಲದ ಮೇಲೆ ಒಣಗಿದ್ದು ನೀರು ಕುಡಿದು ಉಬ್ಬಲು ಹೊತ್ತು ಬೇಕು. ಹಾಗೆಂದುಕೊಂಡು ಕ್ರೇನಿನವರನ್ನು ಕಳಿಸಿಕೊಟ್ಟೆ. ನನಗೆ ಕಾಣದೇ ಹೋದದ್ದು ಬೇರೆ. ಗ್ಲ್ಯಾಂಡನ್ನು ದೋಣಿಯ ಕೊಳವೆಗೆ ಸೇರಿಸುವ ರಬ್ಬರ್ ಪೈಪಿಗೆ ಎರಡು ಕ್ಲಿಪ್ಪುಗಳಿದ್ದವು. ಅದರಲ್ಲಿ ಒಂದು, ಅಡಿಯಲ್ಲಿ ತುಕ್ಕು ಹಿಡಿದಿದ್ದು, ದಾರಿಯ ಕುಲುಕಾಟಕ್ಕೆ ಬಿರುಕು ಬಿಟ್ಟಿತ್ತು. ರಾತ್ರಿ ಒಂಬತ್ತಕ್ಕೆ ಹನಿ ಇನ್ನೂ ನಿಂತಿಲ್ಲವಲ್ಲ ಎಂದು ಸ್ಪ್ಯಾನರ್ ಹಾಕಿ ಗ್ಲ್ಯಾಂಡ್ ಬಿಗಿಸಲು ಹೋದೆ. ಪೈಪೇ ತಿರುಗಿತು. ಉಳಿದ ಕ್ಲಿಪ್ಪೂ ಜಾರಿತು. ಹೆಬ್ಬೆರಳು ಗಾತ್ರದ ನೀರು.

ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗೆ ಒಂದಂಗುಲದ ತೂತು ಬಿದ್ದರೆ ನಿಮಿಷಕ್ಕೆ 60 ಲೀಟರಿನಷ್ಟು ನೀರು ಒಳಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೈ ನಡುಗಿತು. ಪೈಪನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಅದಕ್ಕೆ ಬಟ್ಟೆ ಬಿಗಿದೆ. ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ತಾನಾಗಿ ಓಡುವ ಪಂಪ್ ಓಡುತ್ತಿತ್ತು. ಆದರೆ ಬ್ಯಾಟರಿಗಳು ಪ್ರಯಾಣಕ್ಕೆಂದು ಕಳಚಿಟ್ಟವು, ಅರ್ಧ ಖಾಲಿ. ಚಾರ್ಜರ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಹನ್ನೊಂದೂವರೆಗೆ ಪಂಪಿನ ಸದ್ದು ಸಣ್ಣಗಾಗಿ ನಿಂತೇ ಹೋಯಿತು. ಕೈಪಂಪಿನ ರಬ್ಬರ್ ಒಣಗಿ ಸೀಳಿತ್ತು.

ಆಗ ದಕ್ಕೆಯ ಮೇಲೆ ಟಾರ್ಚಿನ ಬೆಳಕು ಕಂಡಿತು. "ನಿನ್ನ ಪಂಪಿನ ಸದ್ದು ನಿಂತುಬಿಟ್ಟಿತಲ್ಲ, ಅದಕ್ಕೇ ಎದ್ದು ಬಂದೆ" ಎಂದರು.

ಪಕ್ಕದ ದೋಣಿಯಲ್ಲೇ ವಾಸ ಅವರದು. ಎಪ್ಪತ್ತರ ಹತ್ತಿರದ ವಯಸ್ಸು. ಅದಕ್ಕೆ ಮೊದಲು ನಾವು ಆಡಿದ್ದು ಒಂದೇ ಮಾತು, ಹಗ್ಗ ಎಸೆದಾಗ "ಹಿಡಿದೆ" ಎಂದಿದ್ದರು. ನಿದ್ದೆಯಲ್ಲೂ ಅವರ ಕಿವಿ ನನ್ನ ಪಂಪ್ ಎಷ್ಟೆಷ್ಟು ಹೊತ್ತಿಗೆ ಓಡುತ್ತಿದೆ ಎಂದು ಕೇಳಿಸಿಕೊಳ್ಳುತ್ತಿತ್ತು. ಸದ್ದು ಆದರೆ ಯಾರಿಗಾದರೂ ಎಚ್ಚರವಾಗುತ್ತದೆ. ಅವರಿಗೆ ಸದ್ದು ನಿಂತದ್ದಕ್ಕೆ ಎಚ್ಚರವಾಯಿತು. ನಾನು ಅವತ್ತಿನಿಂದ ಅವರನ್ನು ಅಕ್ಕ ಎಂದೇ ಕರೆಯುವುದು.

ಏನಾಯಿತು, ಯಾಕಾಯಿತು ಎಂದು ಕೇಳಲಿಲ್ಲ. ಬಕೆಟ್ ನನ್ನ ಕೈಗೆ ಕೊಟ್ಟು ತಾವು ಎಂಜಿನ್ ಮೇಲೆ ಬೋರಲು ಮಲಗಿದರು. ಭುಜದವರೆಗೆ ತೋಳು ಒಳಗೆ ಹಾಕಿ, ಕಣ್ಣು ಮುಚ್ಚಿ, ಬೆರಳಲ್ಲೇ ತಡಕಿ ಆ ಬಿರುಕನ್ನು ಹುಡುಕಿದರು. ಅವರ ದೋಣಿಯಿಂದ ಒಂದು ಜಾಮ್ ಬಾಟಲಿ ತರಿಸಿದರು. ಬಾಟಲಿ ತುಂಬ ಬೇರೆ ಬೇರೆ ಗಾತ್ರದ ಕ್ಲಿಪ್ಪುಗಳು, ಪ್ರತಿಯೊಂದಕ್ಕೂ ಎಣ್ಣೆ ಸವರಿಟ್ಟದ್ದು. ಮೊದಲು ಹಾಕಿದ್ದು ದೊಡ್ಡದಾಯಿತು. ಎರಡನೆಯದರ ತಿರುಪು ನೀರಿನೊಳಗೆ ಕೈಜಾರಿ ಬಿತ್ತು. ನಾನು ಎತ್ತಿ ಹಾಕುತ್ತಲೇ ಇದ್ದೆ, ಹತ್ತು ಲೀಟರಿನ ಬಕೆಟ್, ಎರಡು ನಿಮಿಷಕ್ಕೊಂದು.

ಒಂದು ಗಂಟೆಯ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಮುಳುಗಿದರೆ ಮುಳುಗಲಿ ಅಕ್ಕ, ಸಾಕು" ಎಂದೆ.

ಅದು ದೋಣಿಯ ಮಾತಾಗಿರಲಿಲ್ಲ. ಅವತ್ತು ಬೆಳಿಗ್ಗೆ ಕಾಫಿ ಕೊಟ್ಟಾಗ ಅಪ್ಪ ನನ್ನ ಮುಖ ನೋಡಿ, "ನೀವು ಯಾರ ಮನೆಯವರು?" ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ಅದೇ ಮೊದಲ ಸಲ. ತಂಗಿಗೆ ಹೇಳಿರಲಿಲ್ಲ, ನಿಮಗೆ ಯಾರಿಗೂ ಹೇಳಿರಲಿಲ್ಲ. ಇಷ್ಟು ದೂರದಿಂದ ಇದನ್ನು ಯಾರಿಗಾಗಿ ಎಳೆದುಕೊಂಡು ಬಂದೆನೋ ಅವರಿಗೆ ನಾನೇ ಗೊತ್ತಿಲ್ಲವೆಂದ ಮೇಲೆ ಇದು ಯಾಕೆ ತೇಲಬೇಕು ಅನ್ನಿಸಿತ್ತು. ಆ ಕತ್ತಲಲ್ಲಿ, ಮೊಣಕಾಲುದ್ದ ನೀರಿನಲ್ಲಿ ಕೂತು, ಹೆಸರೂ ಗೊತ್ತಿಲ್ಲದ ಒಬ್ಬರ ಎದುರು ಅದನ್ನೆಲ್ಲ ಹೇಳಿ ಅತ್ತೆ.

ಅಕ್ಕ ಸಮಾಧಾನ ಹೇಳಲಿಲ್ಲ. ಎದ್ದು ಬಂದು ಬಕೆಟ್ ತೆಗೆದುಕೊಂಡರು. "ಹತ್ತು ನಾನು ಹಾಕ್ತೀನಿ. ಆಮೇಲೆ ಹತ್ತು ನೀನು" ಎಂದರು. ಎಣಿಸುತ್ತ ಎತ್ತಿ ಹಾಕಿದರು, ಗಟ್ಟಿಯಾಗಿ, ಒಂದು, ಎರಡು. ಹತ್ತಾದ ಮೇಲೆ ಬಕೆಟ್ ನನ್ನ ಕಡೆ ಚಾಚಿದರು. ನಾನೂ ಎಣಿಸಿದೆ.

ಎರಡೂವರೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ಕ್ಲಿಪ್ ಕೂರಿಸಿ ಬಿಗಿದರು. ಸೋರಿಕೆ ದಾರದ ಎಳೆಯಷ್ಟಾಯಿತು. ಅಲ್ಲಿಂದ ಕಾಲು ಗಂಟೆಗೊಂದು ಬಕೆಟ್ ಸಾಕು. ಇನ್ನು ನೀವು ಮಲಗಿ ಎಂದೆ. ಹೋಗಲಿಲ್ಲ. ಬೆಳಗಾಗುವವರೆಗೆ ಎದುರಿನ ಹಲಗೆಯ ಮೇಲೆ ಕೂತು, ಅಪ್ಪ ಏನು ಕೆಲಸ ಮಾಡುತ್ತಿದ್ದರು, ಯಾವ ಮರ ಅವರಿಗೆ ಇಷ್ಟ, ಹಿಡಿ ಕೆತ್ತಲು ಎಷ್ಟು ದಿನ ಹಿಡಿಯಿತು ಎಂದು ಒಂದೊಂದೇ ಕೇಳಿದರು. ಹೊಸಬರು ಅಪ್ಪನ ಬಗ್ಗೆ ಕೇಳುವುದೆಲ್ಲ ಈಗಿನ ಕಾಯಿಲೆಯ ವಿಷಯ. ಅಪ್ಪ ಮೊದಲು ಹೇಗಿದ್ದರು ಎಂದು ಕೇಳಿದವರನ್ನು ನಾನು ಎಷ್ಟೋ ತಿಂಗಳ ಮೇಲೆ ನೋಡಿದ್ದು.

ಏಳಕ್ಕೆ ಬಂದ ಕ್ರೇನಿನವರು ಬೇರೆ ಕೆಲಸ ಬದಿಗಿಟ್ಟು ದೋಣಿಯನ್ನು ಮತ್ತೆ ಎತ್ತಿಕೊಟ್ಟರು. ಹೊಸ ಪೈಪು, ನಾಲ್ಕು ಹೊಸ ಕ್ಲಿಪ್ಪು ಬಿತ್ತು. ದೋಣಿಯ ಲೋಹದ ಭಾಗಗಳ ಬದಲು ತಾವು ಸವೆಯಲೆಂದು ಸಿಹಿನೀರಿಗೆ ಹಾಕಿದ್ದ ಮೆಗ್ನೀಸಿಯಂ ತುಂಡುಗಳು ಉಪ್ಪುನೀರಿನಲ್ಲಿ ಬೇಗ ಕರಗಿಹೋಗುತ್ತವೆ, ಸತುವಿನವು ಹಾಕು ಎಂದು ಫೋನಿನಲ್ಲಿ ನೆನಪಿಸಿದ ಗೆಳೆಯನಿಗೆ, ಹಾಯಿಗಳನ್ನು ತೊಳೆದು ಒಣಗಿಸಿ ಮಡಿಸಿಕೊಟ್ಟ ಜೋಡಿಗೆ, ನನ್ನ ಪಾಳಿ ತಾವು ಮಾಡಿದ ಸಹೋದ್ಯೋಗಿಗಳಿಗೆ, ಅಷ್ಟೂ ವಾರ ಅಪ್ಪನ ಬಳಿ ಮಲಗಿದ ತಂಗಿಗೆ ನಮಸ್ಕಾರ. ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆಯಬಹುದಿತ್ತು. ಆದರೆ ಈ ಬರಹ ಅಕ್ಕನ ಕಡೆಗೇ ವಾಲಿದೆ, ಅದನ್ನು ಸರಿಪಡಿಸಲು ನನಗೆ ಮನಸ್ಸಿಲ್ಲ.

ಕಳೆದ ಭಾನುವಾರ ಅಪ್ಪನನ್ನು ಕರೆತಂದೆವು. ಇಳಿತದ ಹೊತ್ತು. ಸೇತುವೆಯ ಮೇಲೆ ಅವರ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಅಕ್ಕನ ತೋಳಿನಲ್ಲಿ. ನಡುವೆ ಎರಡು ಸಲ ನಿಂತರು, ಅಕ್ಕನೂ ನಿಂತರು. ದೋಣಿಯೊಳಗೆ ಕಾಲಿಟ್ಟು ಕೂತ ಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವರ ಕೈ ತಾನಾಗಿ ಹಿಡಿಯ ಮೇಲೆ ಬಂತು. ಹೆಬ್ಬೆರಳಿನಿಂದ ಉದ್ದಕ್ಕೂ ಸವರಿದರು, ತುದಿಯ ಬಳಿ ನಿಲ್ಲಿಸಿದರು.

"ಇಲ್ಲಿ ಉಜ್ಜಿದ್ದು ಸಾಲದು" ಎಂದರು. "ವಾರ್ನಿಷ್ ಹಚ್ಚುವ ಮೊದಲು ನಯ ಕಾಗದ ಹಾಕಬೇಕಿತ್ತು."

ಹಿಡಿಯನ್ನು ಕಳಚಿ ಮನೆಗೆ ತಂದಿದ್ದೇನೆ. ನಯ ಕಾಗದವೂ ತಂದಾಗಿದೆ. ನಾಳೆ ಬೆಳಿಗ್ಗೆ ಇಬ್ಬರೂ ಕೂತು ಉಜ್ಜುತ್ತೇವೆ.