ಕಾರ್ಗಿಲ್ ದಾಳಿಯ ಯೋಜನೆಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ವೈಮಾನಿಕ ದಾಳಿ ಎಂದರೆ ಎಷ್ಟು ಬಾಂಬ್ ಬಿತ್ತು ಅನ್ನುವ ಸುದ್ದಿಯೇ ಜಾಸ್ತಿ. ಮೊನ್ನೆ ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಪಲ್ ಯುದ್ಧನೌಕೆಯ ಕ್ಷಿಪಣಿ ಕೊಳವೆ ಮುಟ್ಟಿ ನೋಡುತ್ತಾ ಮೊಮ್ಮಗಳು ಕೇಳಿದಳು: ‘ಅಜ್ಜಾ, ಕಾರ್ಗಿಲ್‌ನಲ್ಲಿ ನಮ್ಮ ವಿಮಾನ ಸೀದಾ ಆಚೆ ಹೋಗಲಿಲ್ಲ ಯಾಕೆ?’

ಒಳ್ಳೆಯ ಪ್ರಶ್ನೆ. 1999ರ ಮೇ 26ರಂದು ಕಾರ್ಗಿಲ್ ಯುದ್ಧದ ವಾಯುಪಡೆ ಕಾರ್ಯಾಚರಣೆ ‘ಸಫೇದ್ ಸಾಗರ್’ ಶುರುವಾದಾಗ ವಾಯುಪಡೆಗೆ ಕಟ್ಟಪ್ಪಣೆ ಇತ್ತು: ಪಾಕಿಸ್ತಾನದ ಕಡೆಗೆ ಗಡಿ ನಿಯಂತ್ರಣ ರೇಖೆ ದಾಟಬಾರದು. ಯುದ್ಧ ಹರಡಬಾರದು ಅನ್ನುವುದು ಸರ್ಕಾರದ ಲೆಕ್ಕ. ಹಾಗಾಗಿ ಆ ಬೆಟ್ಟಗಳ ನಡುವೆ ವಿಮಾನ ತಿರುಗಿಸಲೂ ಇಕ್ಕಟ್ಟು. ಮೂರೇ ದಿನದಲ್ಲಿ ಎರಡು ಮಿಗ್ ವಿಮಾನ, ಒಂದು ಎಂಐ-17 ಹೆಲಿಕಾಪ್ಟರ್ ಕಳೆದುಕೊಂಡೆವು. ಹೆಲಿಕಾಪ್ಟರ್‌ನಲ್ಲಿದ್ದ ನಾಲ್ವರೂ ಉಳಿಯಲಿಲ್ಲ. ಬರೆಯುವಾಗಲೂ ಎದೆ ಭಾರವಾಗುತ್ತದೆ.

ಆಮೇಲೆ ಯೋಜನೆಯೇ ಬದಲಾಯಿತು. ದಾಳಿಯಿಂದ ಹೆಲಿಕಾಪ್ಟರ್‌ಗಳನ್ನು ಹಿಂದೆ ತೆಗೆದರು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಎಟುಕದ ಎತ್ತರದಲ್ಲಿ ವಿಮಾನಗಳು ಹಾರಿದವು. ಅಷ್ಟು ಮೇಲಿಂದ, ಅದೂ ತೆಳು ಗಾಳಿಯಲ್ಲಿ, ಗುರಿ ಹಿಡಿಯುವುದು ಸುಲಭವಲ್ಲ. ಅದಕ್ಕೇ ನಿಖರವಾಗಿ ಗುರಿ ಹಿಡಿಯಬಲ್ಲ ಮಿರಾಜ್-2000 ಯುದ್ಧವಿಮಾನ ಬಂತು. ಜೂನ್ 17ರಂದು ಮುಂತೋ ಧಾಲೋದಲ್ಲಿದ್ದ ಶತ್ರುಗಳ ಸಾಮಗ್ರಿ ಶಿಬಿರದ ಮೇಲೆ ದಾಳಿ. ಶಿಖರದಲ್ಲಿ ಕೂತ ಶತ್ರುವಿಗೆ ಊಟ, ಮದ್ದುಗುಂಡು ಕೆಳಗಿನಿಂದಲೇ ಬರಬೇಕು ಅಲ್ವಾ? ಜೂನ್ 24ರಂದು ಟೈಗರ್ ಹಿಲ್ ಶಿಖರದ ಮೇಲೆ ಲೇಸರ್ ಕಿರಣದ ನೆರವಿನಿಂದ ಗುರಿ ಹಿಡಿಯುವ ಬಾಂಬ್.

ನಮ್ಮದು ನೌಕಾನೆಲೆಯ ಊರು. ಇಲ್ಲಿನ ಮಕ್ಕಳಿಗೆ ಇಂಥದ್ದು ತಿಳಿಯಬೇಕು. ವಾರಕ್ಕೊಮ್ಮೆಯಾದರೂ ನಕ್ಷೆ ಸಮೇತ ಒಂದು ಲೇಖನ ಹಾಕಿ. ಮೊಮ್ಮಗಳಿಗೆ ಕತ್ತರಿಸಿ ಇಡುತ್ತೇನೆ.

– ಒಬ್ಬ ಓದುಗ, ಕೋಡಿಬಾಗ, ಕಾರವಾರ