ಮಳೆಗಾಲಕ್ಕೆ ಮುಂಚೆ ರಾಫ್ಟ್ ಬಿಚ್ಚು

ಶಿರಾ

ಚಿ॥ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ. ನಿನ್ನ ಎರಡೂ ರಾಫ್ಟು, ಅದೇ ಆ ಗಾಳಿ ತುಂಬುವ ದೋಣಿಗಳು, ನಮ್ಮ ಗೋಡೌನಿನಲ್ಲಿ ಕಡಲೆಕಾಯಿ ಮೂಟೆಗಳ ಪಕ್ಕ ಬಿದ್ದಿವೆ. ಜೂನಿನಲ್ಲಿ ಬಂದು, ಲಾರಿಗೆ ಹಾಕಿಸಿಕೊಂಡು ಸೀದಾ ಕೊಡಗಿಗೆ ಹೋಗ್ತೀನಿ, ರಿಪೇರಿ ಏನಿದ್ದರೂ ಅಲ್ಲೇ ನೋಡ್ಕೋತೀನಿ ಅಂದೆಯಂತೆ ನಿಮ್ಮಮ್ಮನ ಹತ್ತಿರ. ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆತುಬಿಡುತ್ತೀಯ. ಅದಕ್ಕೇ ಈ ಕಾಗದ.

ದಾಂಡೇಲಿಯ ಕಾಳಿ ನದಿಯಲ್ಲಾದರೆ ಅಣೆಕಟ್ಟಿನಿಂದ ಬಿಟ್ಟ ನೀರು. ಕೊಡಗಿನ ನಿಮ್ಮ ಬರಪೊಳೆ ಹೊಳೆ ಹಾಗಲ್ಲ. ಮಳೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ನಿಮ್ಮ ರಾಫ್ಟಿನ ಆಟ. ಅಂದರೆ ನೀನು ಅಲ್ಲಿ ಇಳಿಯುವ ಹೊತ್ತಿಗೆ ಒಗೆದ ಬಟ್ಟೆಯೂ ಒಣಗದ ಹವೆ. ಅಂಥ ತೇವದಲ್ಲಿ ಅಂಟು ಹಿಡಿಯುವುದಿಲ್ಲ ಪುಟ್ಟ. ಅಂಟು ಆರುವಾಗ ಆ ಜಾಗ ತಣ್ಣಗಾಗುತ್ತದೆ, ಗಾಳಿಯ ಪಸೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂರುತ್ತದೆ. ಪ್ಯಾಚ್ ಚೆನ್ನಾಗಿ ಕೂತ ಹಾಗೇ ಕಾಣುತ್ತದೆ. ನೀರಿಗಿಳಿದ ಮೇಲೆ ಅಂಚು ಏಳುತ್ತದೆ. ಹೆದ್ದಾರಿ ಬದಿಯ ಪಂಚರ್ ಅಂಗಡಿಯಲ್ಲಿ ಕೂದಲು ನೆರೆತವನು ನಾನು, ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳು. ಶಿರಾದ ಒಣ ಹವೆಯನ್ನು ಎಲ್ಲರೂ ಬೈಯುತ್ತಾರೆ. ಅಂಟಿನ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಊರು ಬೇಕಾ? ಏಪ್ರಿಲಿನಲ್ಲೇ ಬಾ. ಮೇ ಬಂದರೆ ಇಲ್ಲೂ ಸಂಜೆ ಮಳೆ ಶುರುವಾಗುತ್ತದೆ.

ಬಂದವನೇ ಮೊದಲು ಸುರುಳಿ ಬಿಚ್ಚು. ಕಡಲೆಕಾಯಿ ಇದ್ದ ಕಡೆ ಇಲಿ ಇರುತ್ತದೆ. ಮಡಿಕೆಯೊಳಗೆ ಗೂಡು ಮಾಡಿಕೊಂಡರೆ ಮೂರ್ನಾಲ್ಕು ಪದರ ಒಟ್ಟಿಗೇ ಕಡಿದಿರುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಆಮೇಲೆ ಗಾಳಿ ಹಾಕು. ನನ್ನ ಕಂಪ್ರೆಸರ್ ಮುಟ್ಟಬೇಡ. ಲಾರಿ ಟೈರಿಗೆ ನಾವು 100 ಪೌಂಡಿನ ಮೇಲೆ ಹೊಡೆಯುತ್ತೇವೆ, ನಿನ್ನ ರಾಫ್ಟಿಗೆ ಬೇಕಾದ್ದು ಸುಮಾರು 2.5. ಕೈಪಂಪೇ ಸಾಕು. ರಾಫ್ಟಿನೊಳಗೆ ತಡಿಕೆ ಹಾಕಿ ಬೇರೆ ಬೇರೆ ಗಾಳಿ ಕೋಣೆ ಮಾಡಿರುತ್ತಾರಲ್ಲ, ಒಂದೇ ಕೋಣೆಯನ್ನು ಪೂರ್ತಿ ತುಂಬಿಬಿಡಬೇಡ. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಾಕಿಕೊಂಡು ಬಾ. ಇಲ್ಲದಿದ್ದರೆ ನಡುವಿನ ತಡಿಕೆಗೆ ಒಂದೇ ಕಡೆಯಿಂದ ಒತ್ತಡ ಬೀಳುತ್ತದೆ. ಬಿಗಿಯಾಗಿ ತುಂಬಿದ ರಾಫ್ಟನ್ನು ನಮ್ಮ ಮಧ್ಯಾಹ್ನದ ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗಲೂ ಬೇಡ. ಒಳಗಿನ ಗಾಳಿ ಹಿಗ್ಗಿ ಹೊಲಿಗೆ, ತಡಿಕೆ ಬಿಟ್ಟುಕೊಳ್ಳುತ್ತವೆ.

ಬೆಳಿಗ್ಗೆ ಎದ್ದು ನೋಡಿದರೆ ಮೆತ್ತಗಾಗಿರುತ್ತದೆ. ಗಾಬರಿ ಬೀಳಬೇಡ. ರಾತ್ರಿ ತಂಪಿಗೆ ಗಾಳಿ ಕುಗ್ಗಿದ್ದೂ ಇರಬಹುದು. ಹಿಂದಿನ ದಿನ ಯಾವ ಹೊತ್ತಿಗೆ ತುಂಬಿದ್ದೆಯೋ ಮಾರನೇ ದಿನ ಅದೇ ಹೊತ್ತಿಗೆ ಒತ್ತಿ ನೋಡು. ಆಗಲೂ ಮೆತ್ತಗಿದ್ದರೆ ಮಾತ್ರ ಸೋರಿಕೆ. ಹುಡುಕುವಾಗ ವಾಲ್ವಿನಿಂದಲೇ ಶುರು ಮಾಡು. ಬ್ರಷ್ಷಿನಲ್ಲಿ ಸೋಪಿನ ನೊರೆ ಬಳಿದು ಸುಮ್ನೆ ನೋಡುತ್ತಾ ಕೂರು. ಸಾಸಿವೆಯಷ್ಟು ಗುಳ್ಳೆ ಒಂದೇ ಜಾಗದಲ್ಲಿ ಎದ್ದು, ಒಡೆದು, ಮತ್ತೆ ಏಳುತ್ತದೆ. ಎಷ್ಟೋ ಸಲ ಅದು ತೂತಲ್ಲ, ವಾಲ್ವಿನೊಳಗೆ ಕೂತ ಹೊಳೆ ಮರಳು. ಊದಿ ತೆಗೆದು, ಅದರ ಕೀಲಿ ಹಾಕಿ ಬಿಗಿ ಮಾಡಿದರೆ ಮುಗಿಯಿತು. ಹೊರಗೆಲ್ಲೂ ಗುಳ್ಳೆ ಇಲ್ಲದೆ ಒಂದು ಕೋಣೆ ಇಳಿಯುತ್ತಿದ್ದರೆ ಒಳಗಿನ ತಡಿಕೆ ಹೋಗಿದೆ ಅಂತ ಲೆಕ್ಕ. ಆ ಒಂದು ಕೋಣೆಗೆ ಮಾತ್ರ ಮೆಲ್ಲಗೆ ಗಾಳಿ ಹಾಕು. ಪಕ್ಕದ್ದು ತಾನಾಗಿ ಉಬ್ಬಿದರೆ ಖಾತ್ರಿಯಾಯಿತು. ಅದು ನನ್ನ ನಿನ್ನ ಕೈಲಾಗುವ ಕೆಲಸವಲ್ಲ, ಮಾಡಿದ ಕಡೆಗೇ ಕಳಿಸಬೇಕು.

ಇನ್ನು ಪ್ಯಾಚ್. ನಮ್ಮ ಅಂಗಡಿಯ ಟ್ಯೂಬಿನ ಸಲ್ಯೂಷನ್ ಇದಕ್ಕೆ ನಡೆಯುವುದಿಲ್ಲ. ನಿನ್ನ ನೀಲಿ ರಾಫ್ಟು ಹೈಪಲಾನ್ ಅನ್ನೋ ರಬ್ಬರಿನದು, ಹಳದಿಯದ್ದು ಪಿವಿಸಿ ಪ್ಲಾಸ್ಟಿಕ್ಕಿನದು, ಎರಡಕ್ಕೂ ಬೇರೆ ಬೇರೆ ಅಂಟು. (ಹೈಪಲಾನ್ ತಯಾರಿಕೆಯನ್ನು ಡುಪಾಂಟಿನವರು 2010ರಲ್ಲೇ ನಿಲ್ಲಿಸಿದರು. ಅದೇ ಜಾತಿಯ ರಬ್ಬರನ್ನು ಈಗ ಬೇರೆಯವರು ಮಾಡುತ್ತಾರೆ, ಬಾಯಲ್ಲಿ ಮಾತ್ರ ಹಳೇ ಹೆಸರೇ ಉಳಿದಿದೆ.) ಹರಿದ ಜಾಗದ ಸುತ್ತ ಎರಡಿಂಚು ಹೆಚ್ಚಿಗೆ ಬರುವಂತೆ ಪ್ಯಾಚ್ ಕತ್ತರಿಸು. ಮೂಲೆ ದುಂಡಗಿರಲಿ, ಚೂಪು ಮೂಲೆಯೇ ಮೊದಲು ಏಳುವುದು. ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು ರಾಫ್ಟು, ಪ್ಯಾಚ್ ಎರಡರ ಅಂಟಿಸುವ ಕಡೆಯನ್ನೂ ಉಪ್ಪುಕಾಗದದಿಂದ ಹೊಳಪು ಹೋಗುವ ತನಕ ಉಜ್ಜು, ನೂಲು ಕಾಣುವಷ್ಟು ಬೇಡ. ಸಾಲ್ವೆಂಟ್ ಹಾಕಿ ಒರೆಸಿದ ಮೇಲೆ ಬೆರಳು ತಾಗಿಸಬೇಡ. ಅಂಟಿಗೆ ಗಟ್ಟಿ ಮಾಡುವ ಚಿಕ್ಕ ಶೀಶೆ ಬರುತ್ತದಲ್ಲ, ಅದನ್ನು ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಬೆರೆಸು, ಕಣ್ಣಂದಾಜು ಬೇಡ. ತೆಳ್ಳಗೆ ಒಂದು ಕೋಟು ಬಳಿದು ಆರಲು ಬಿಡು. ಆಮೇಲೆ ಎರಡನೆಯ ಕೋಟು ಬಳಿದು, ಅದು ಬೆರಳ ಗಿಣ್ಣಿಗೆ ಅಂಟಿಯೂ ಅಂಟದ ಹಾಗಾದಾಗ ಪ್ಯಾಚ್ ಇಟ್ಟು, ನಡುವಿನಿಂದ ಅಂಚಿಗೆ ಚಮಚದ ಬೆನ್ನಿನಿಂದ ತಿಕ್ಕು. ಎಲ್ಲ ನೆರಳಿನಲ್ಲೇ ನಡೆಯಬೇಕು. ಬಿಸಿಲಿನಲ್ಲಿ ಅಂಟಿನ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಒಂದು ಪೂರ್ತಿ ದಿನ ಗಾಳಿ ಹಾಕಬಾರದು. ಅದರ ಮೇಲೆ ಒಂದು ವಾರ ಸಿಕ್ಕಿದರೆ ಇನ್ನೂ ಒಳ್ಳೇದು. ಏಪ್ರಿಲಿನಲ್ಲೇ ಬಾ ಅಂದದ್ದು ಇದಕ್ಕೇ ಅಲ್ವಾ?

ಲೈಫ್ ಜಾಕೆಟ್ಟುಗಳ ಬಗ್ಗೆ ನಿಮ್ಮತ್ತೆಗೂ ನನಗೂ ಜಗಳವಾಗಿದೆ. ಬಿಚ್ಚಿದ ಹೊಲಿಗೆಗಳನ್ನು ಮಿಷನ್ನಿನಲ್ಲಿ ಹೊಲಿದುಕೊಡುತ್ತೇನೆ ಅನ್ನುತ್ತಾಳೆ. ಬೇಡ ಅಂದಿದ್ದೇನೆ. ಮುಗ್ಗಲು ಹೊಡೆದ ಬಟ್ಟೆ, ಬಿಸಿಲಿಗೆ ಬಣ್ಣ ಹೋಗಿ ಗರಿಗರಿಯಾದ ಪಟ್ಟಿ, ಒತ್ತಿದರೆ ತಗ್ಗಿ ಹಾಗೇ ಉಳಿಯುವ ಫೋಮು, ಇವಕ್ಕೆ ಹೊಲಿಗೆ ಹಾಕಿ ಪ್ರಯೋಜನವಿಲ್ಲ. ಅಂಥವನ್ನು ತೆಗೆದು ಪಕ್ಕಕ್ಕಿಡು, ಮತ್ತೆ ಯಾರೂ ಹಾಕಿಕೊಳ್ಳದಂತೆ ಪಟ್ಟಿ ಕತ್ತರಿಸು. ದುಡ್ಡಿನ ಮುಖ ನೋಡಬೇಡ, ಕಡಿಮೆ ಬಿದ್ದರೆ ನನ್ನನ್ನು ಕೇಳು. ಉಳಿದವನ್ನು ತೋಟದ ತೊಟ್ಟಿಯಲ್ಲಿ ಒಂದೊಂದಾಗಿ ಹಾಕಿಕೊಂಡು ಇಳಿದು ತಲೆ ಹಿಂದಕ್ಕೆ ಚೆಲ್ಲಿ ನೋಡು, ಬಾಯಿ ನೀರಿನ ಮೇಲಿರಬೇಕು. ಕೃಷಿ ಹೊಂಡದ ಹತ್ತಿರ ಮಾತ್ರ ಹೋಗಬೇಡ. ಆ ಪ್ಲಾಸ್ಟಿಕ್ ಹಾಳೆ ಮೇಲೆ ಕಾಲು ನಿಲ್ಲುವುದಿಲ್ಲ. ಹೆಲ್ಮೆಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಗುಜರಿಗೆ.

ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ ಬಿಚ್ಚಿ, ಪೂರ್ತಿ ಹಗ್ಗವನ್ನು ಬೆರಳ ನಡುವೆ ಎಳೆದು ನೋಡು. ಎಲ್ಲಾದರೂ ಸೆಟೆದುಕೊಂಡಿದ್ದರೆ, ಎಳೆ ಎದ್ದಿದ್ದರೆ ಬದಲಾಯಿಸು. ಗಂಟು ಹಾಕಿ ಉದ್ದ ಮಾಡಬೇಡ. ನಮ್ಮ ಬಾವಿಯ ನೈಲಾನ್ ಹಗ್ಗ ಗಟ್ಟಿಯೇನೋ ಹೌದು, ಆದರೆ ಮುಳುಗುತ್ತದೆ. ನಿನಗೆ ಬೇಕಾದ್ದು ತೇಲುವ ಪಾಲಿಪ್ರೊಪಿಲೀನ್. ಮತ್ತೆ ತುಂಬುವಾಗ ಸುರುಳಿ ಸುತ್ತಬೇಡ, ಹಿಡಿ ಹಿಡಿಯಾಗಿ ತುರುಕು. ಸುತ್ತಿಟ್ಟರೆ ಎಸೆದಾಗ ಸಿಕ್ಕುಬೀಳುತ್ತದೆ. ಮಾರ್ನಿಂಗ್ ಕಾಫಿ, ವಿಕೆಡ್ ವಿಚ್ ಅಂತ ನಿಮ್ಮ ಸೆಳವುಗಳಿಗೆ ಇಟ್ಟಿರುವ ಹೆಸರು ಕೇಳಿದರೆ ನಗು ಬರುತ್ತದೆ. ರಾಫ್ಟು ಮಗುಚಿ ಯಾರೋ ತೇಲಿ ಹೋಗುತ್ತಿರುವಾಗ ಸಿಕ್ಕು ಬಿಡಿಸುತ್ತಾ ಕೂರೋಕಾಗುತ್ತಾ?

ಅಂಟು ಇಲ್ಲಿ ಸಿಗುವುದಿಲ್ಲ, ಬರುವಾಗ ಬೆಂಗಳೂರಿನಿಂದ ಎರಡು ಥರದ್ದೂ ತಗೊಂಡು ಬಾ. ಡಬ್ಬದ ಮೇಲಿನ ತಾರೀಖು ನೋಡಿ ತಗೋ. ಬಸ್ ಹತ್ತಿದ ಮೇಲೆ ಫೋನ್ ಮಾಡು, ಸ್ಟ್ಯಾಂಡಿಗೆ ಗಾಡಿ ತರುತ್ತೇನೆ.

ಇಂತಿ,
ನಿನ್ನ ಮಾವ