ಜೂನ್, ಆಗಸ್ಟ್, ಡಿಸೆಂಬರ್: ಮಗಳಿಗೊಂದು ಪತ್ರ

ಮಂಡ್ಯ

ಮಗಳೇ,

ಹದಿನೈದು ತುಂಬುವುದರೊಳಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿಕೊಂಡರೆ ಒಂದು ಸೂಜಿ ಉಳಿತಾಯವಾಗುತ್ತದಂತೆ, ಈ ವಾರವೇ ಹೋಗೋಣ ಎಂದೆಯಲ್ಲ. ಆ ಲೆಕ್ಕ ನಿನ್ನ ಹಾಸ್ಟೆಲಿನ ಗೆಳತಿಯರಿಗೆ ಸರಿ, ನಿನಗೆ ಹೊಂದುವುದಿಲ್ಲ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ನಿನ್ನ ಸ್ಟಡಿ ಅವರ್ ಗಂಟೆ ಹೊಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ವಯಸ್ಸಿನ ಲೆಕ್ಕ. ಮೊದಲ ಡೋಸ್ 9ರಿಂದ 14 ವರ್ಷದೊಳಗೆ ಬಿದ್ದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಹದಿನೈದು ತುಂಬಿದ ಮೇಲೆ ಶುರು ಮಾಡಿದರೆ ಮೂರು. 9ರಿಂದ 20ರವರೆಗಿನವರಿಗೆ ಒಂದೇ ಡೋಸ್ ಕೊಟ್ಟರೂ ನಡೆಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಇದೆಲ್ಲ ಆರೋಗ್ಯವಂತ ಹುಡುಗಿಯರ ಮಾತು. ನಿನ್ನ ಹಾಗೆ ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ಮೈಮೇಲೆಯೇ ತಿರುಗಿಬೀಳುವ ಕಾಯಿಲೆ) ಇದ್ದು, ಆ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರಿಗೆ ವಯಸ್ಸು ಎಷ್ಟೇ ಇರಲಿ ಮೂರು ಡೋಸ್ ಬೇಕು. ಹಾಗಾಗಿ ನವೆಂಬರಿನ ನಿನ್ನ ಹುಟ್ಟುಹಬ್ಬಕ್ಕೂ ಈ ಲಸಿಕೆಗೂ ಸಂಬಂಧವೇ ಇಲ್ಲ. ಆತುರಪಟ್ಟರೂ ಸೂಜಿಯೇನೂ ಉಳಿತಾಯವಾಗುವುದಿಲ್ಲ.

ನಾವು ನೋಡಬೇಕಾದದ್ದು ನಿನ್ನ ಮಾತ್ರೆ ಡಬ್ಬಿಯನ್ನು. ಈಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 25 ಮಿಲಿಗ್ರಾಂ ನಡೆಯುತ್ತಿದೆ. ಸ್ಟೀರಾಯ್ಡ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ, ಫ್ಲೂ ಲಸಿಕೆ ಬಿಟ್ಟು ಉಳಿದವನ್ನು ಡೋಸ್ ಇಳಿಯುವವರೆಗೆ ಮುಂದೂಡಿ ಎಂದು ಅಮೆರಿಕದ ಸಂಧಿವಾತ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಈ ವಾರ ಹಾಕಿಸಿದರೆ ಅಪಾಯವೇನೂ ಆಗಲಿಕ್ಕಿಲ್ಲ, ಆದರೆ ಸೂಜಿ ಚುಚ್ಚಿಸಿಕೊಂಡದ್ದಕ್ಕೆ ತಕ್ಕ ಫಲ ಸಿಗಲಿಕ್ಕಿಲ್ಲ. ಲಸಿಕೆ ವೈರಸ್ಸಿನ ಹೊರಕವಚವನ್ನಷ್ಟೇ ತೋರಿಸುತ್ತದೆ. ಅದನ್ನು ಗುರುತಿಟ್ಟುಕೊಂಡು ಪ್ರತಿಕಾಯ ತಯಾರಿಸಬೇಕಾದದ್ದು ನಿನ್ನ ರಕ್ತದ ಬಿ ಕಣಗಳು, ಅವಕ್ಕೆ ನೆರವಾಗುವ ಟಿ ಕಣಗಳು. ಹೆಚ್ಚು ಸ್ಟೀರಾಯ್ಡ್ ಇರುವಾಗ ಅವು ತೂಕಡಿಸುತ್ತಿರುತ್ತವೆ. ಡಾಕ್ಟರು ಬರೆದುಕೊಟ್ಟಂತೆ ಇಳಿಸುತ್ತ ಹೋದರೆ ಮೇ ಕೊನೆಗೆ 15ಕ್ಕೆ ಬರುತ್ತದೆ. ಅದಕ್ಕೇ ಜೂನ್ ಎನ್ನುತ್ತಿದ್ದೇನೆ.

ಹಾಗಂತ ಸ್ಟೀರಾಯ್ಡ್ ಪೂರ್ತಿ ನಿಲ್ಲಲಿ, ಕಾಯಿಲೆ ಪೂರ್ತಿ ತಣ್ಣಗಾಗಲಿ ಎಂದು ಕಾಯುತ್ತ ಕೂರುವುದೂ ಬೇಡ. ಲೂಪಸ್‌ನಲ್ಲಿ ಅಂಥ ದಿನ ಬರಲು ವರ್ಷಗಳೇ ಹಿಡಿಯಬಹುದು. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ: "ಇನ್ನೊಂದು ಸ್ವಲ್ಪ ಹುಷಾರಾಗಲಿ" ಎನ್ನುತ್ತಲೇ ಹುಡುಗಿಗೆ ಇಪ್ಪತ್ತೆರಡಾಗಿರುತ್ತದೆ.

ನಿನ್ನ ಇನ್ನೊಂದು ಮಾತ್ರೆ ಮೈಕೊಫಿನೊಲೇಟ್ ಕೂಡ ಲಸಿಕೆಯ ಕೆಲಸವನ್ನು ತಗ್ಗಿಸುತ್ತದೆ. ಆದರೂ ಅದನ್ನು ನಿಲ್ಲಿಸಿ ಹಾಕಿಸುವ ಯೋಚನೆ ಬೇಡ, ಕಾಯಿಲೆ ಕೆರಳಿದರೆ ಮತ್ತೆ ಸ್ಟೀರಾಯ್ಡ್ ಏರಿಸಬೇಕಾಗುತ್ತದೆ, ಆಗ ಲಸಿಕೆಯೂ ಹಿಂದೆ ಬೀಳುತ್ತದೆ. ಎರಡು ವಾರ ಮಾತ್ರೆ ನಿಲ್ಲಿಸಬೇಕಂತೆ ಎಂದು ಎಲ್ಲೋ ಓದಿದೆಯಲ್ಲ, ಅದು ಮೆಥೊಟ್ರೆಕ್ಸೇಟ್ ಎಂಬ ಬೇರೆ ಮಾತ್ರೆ ತೆಗೆದುಕೊಳ್ಳುವವರು ಫ್ಲೂ ಲಸಿಕೆ ಹಾಕಿಸಿಕೊಂಡ ನಂತರದ ಮಾತು. ನಿನಗೂ ಈ ಲಸಿಕೆಗೂ ಅದು ಅನ್ವಯಿಸುವುದಿಲ್ಲ. ಒಂದು ಮಾತ್ರ ನೆನಪಿಡು. ಮುಂದಿನ ಭೇಟಿಯಲ್ಲಿ ಡಾಕ್ಟರು ರಿಟುಕ್ಸಿಮ್ಯಾಬ್ ಹೆಸರೆತ್ತಿದರೆ ನಮ್ಮ ಲೆಕ್ಕವೆಲ್ಲ ಬದಲಾಗುತ್ತದೆ. ಅದು ಬಿ ಕಣಗಳನ್ನೇ ಬರಿದು ಮಾಡುವ ಔಷಧಿ, ಆಮೇಲೆ ತಿಂಗಳುಗಟ್ಟಲೆ ಲಸಿಕೆ ಹಿಡಿಯುವುದಿಲ್ಲ. ಕೊಡುವುದೇ ಆದರೆ, ಆ ಚಿಕಿತ್ಸೆ ಸ್ವಲ್ಪ ತಡವಾದರೂ ನಡೆಯುವಂತಿದ್ದರೆ, ಅದಕ್ಕೆ ಕನಿಷ್ಠ ಎರಡು ವಾರ ಮೊದಲು ಲಸಿಕೆ ಬೀಳಬೇಕು. ಆ ಪ್ರಶ್ನೆಯನ್ನು ಅವತ್ತೇ ಕೇಳೋಣ.

ಲೂಪಸ್ ಇದ್ದವರಿಗೆ ಲಸಿಕೆಯೇ ಕೂಡದು ಎಂದು ನಿನ್ನ ಅತ್ತೆ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಇವುಗಳ ಲಸಿಕೆಯಲ್ಲಿ ಶಕ್ತಿಗುಂದಿಸಿದ ಜೀವಂತ ವೈರಸ್ ಇರುತ್ತದೆ. ಅವನ್ನು ನಿನಗೆ ಈಗ ಕೊಡುವಂತಿಲ್ಲ. ಎಚ್‌ಪಿವಿ ಲಸಿಕೆಯಲ್ಲಿ ವೈರಸ್ ಇಲ್ಲ. ಯೀಸ್ಟ್‌ನಲ್ಲಿ ಬೆಳೆಸಿದ ಪ್ರೊಟೀನಿನ ಟೊಳ್ಳು ಗೋಳಗಳಿವೆ, ಜೊತೆಗೆ ಅಲ್ಯೂಮಿನಿಯಂ ಲವಣ. ಅದರಿಂದ ಸೋಂಕು ತಗಲುವ ಪ್ರಶ್ನೆಯೇ ಇಲ್ಲ. ಹಿಂದೆ ಇದೇ ಲಸಿಕೆಗೆ ಅಥವಾ ಯೀಸ್ಟ್‌ಗೆ ತೀವ್ರ ಅಲರ್ಜಿಯಾಗಿದ್ದರೆ ಮಾತ್ರ ಹಾಕಿಸಬಾರದು. ನಿನಗೆ ಎರಡೂ ಇಲ್ಲ.

ಮದುವೆ ಇನ್ನೂ ದೂರ, ಈಗೇಕೆ ಎಂಬ ಪ್ರಶ್ನೆ ಅಜ್ಜಿಯಿಂದ ಬಂದೇ ಬರುತ್ತದೆ. ನಿನಗೆ ನೇರವಾಗಿಯೇ ಹೇಳುತ್ತೇನೆ. ಈ ವೈರಸ್ ಲೈಂಗಿಕ ಸಂಪರ್ಕದಿಂದ, ಚರ್ಮಕ್ಕೆ ಚರ್ಮ ತಾಗಿ ಹರಡುತ್ತದೆ. ಬಹುಪಾಲು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ ಹತ್ತಿಪ್ಪತ್ತು ವರ್ಷದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಆಗಬಹುದು. ಜಗತ್ತಿನಲ್ಲಿ ಇಂಥ ಕ್ಯಾನ್ಸರಿನ ಸುಮಾರು ಶೇಕಡಾ 70 ಪಾಲಿಗೆ ಈ ವೈರಸ್ಸಿನ 16 ಮತ್ತು 18ನೇ ಬಗೆಗಳೇ ಕಾರಣ. ಲೂಪಸ್ ಇರುವ ಹೆಂಗಸರಲ್ಲಿ ವೈರಸ್ ಬೇಗ ತೊಲಗುವುದಿಲ್ಲ, ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ಉಳಿದವರಿಗಿಂತ ಹೆಚ್ಚು. ಲಸಿಕೆ ತಡೆಯುತ್ತದೆಯೇ ಹೊರತು ಬಂದ ವೈರಸ್ಸನ್ನು ಓಡಿಸುವುದಿಲ್ಲ. ಅದಕ್ಕೇ ಅದು ಬರುವ ಸಾಧ್ಯತೆಗೂ ಎಷ್ಟೋ ಮೊದಲೇ ಹಾಕಿಸುವುದು. ಇಷ್ಟಾದರೂ ದೊಡ್ಡವಳಾದ ಮೇಲೆ ತಪಾಸಣೆ ತಪ್ಪುವುದಿಲ್ಲ, ನಿನ್ನಂಥವರಿಗೆ ಅದು ಬೇರೆಯವರಿಗಿಂತ ಬೇಗ ಶುರುವಾಗಬೇಕು.

ಈ ಲಸಿಕೆಯಿಂದ ಹುಡುಗಿಯರು ಸತ್ತರಂತೆ ಎಂಬ ಮಾತು ಹಾಸ್ಟೆಲಿನಲ್ಲೂ ಓಡಾಡುತ್ತಿರಬಹುದು. ಅದಕ್ಕೊಂದು ಮೂಲವಿದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಸಾವಿರಾರು ಹುಡುಗಿಯರಿಗೆ ಲಸಿಕೆ ಕೊಡುವ ಯೋಜನೆ ಶುರುವಾಯಿತು. ಏಳು ಸಾವುಗಳ ಸುದ್ದಿ ಬಂದು 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ವಿಚಾರಣೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣವೆಂದು ಕಂಡುಬರಲಿಲ್ಲ; ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ವಿಷ ಸೇವನೆಯಂಥ ಕಾರಣಗಳಿದ್ದವು. ಆದರೆ ಒಪ್ಪಿಗೆ ಪಡೆದ ರೀತಿ ಕೆಟ್ಟದ್ದಾಗಿತ್ತು. ಎಷ್ಟೋ ಮಕ್ಕಳ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಅದನ್ನು ಕಟುವಾಗಿಯೇ ಖಂಡಿಸಿತು. ವಿಚಿತ್ರವೆಂದರೆ, ಆಗ ದೇಶದಲ್ಲಿ ಬೇರೆಯಾಗಿ ನಡೆಯುತ್ತಿದ್ದ ಅಧ್ಯಯನಕ್ಕೂ ತಡೆ ಬಿದ್ದು, ಅದರಲ್ಲಿ ಬಹಳ ಹುಡುಗಿಯರು ಒಂದೇ ಡೋಸಿಗೆ ನಿಂತರು. ಅವರನ್ನು ಹತ್ತು ವರ್ಷ ಗಮನಿಸಿದಾಗ ಒಂದು ಡೋಸೂ ಚೆನ್ನಾಗಿ ಕಾಯುತ್ತದೆ ಎಂದು ಗೊತ್ತಾಯಿತು. ಇವತ್ತಿನ ಒಂದೇ ಡೋಸಿನ ಸಲಹೆಗೆ ಅದೂ ಒಂದು ಆಧಾರ.

ಹಾಗಾಗಿ ಹಾಸ್ಟೆಲಿಗೆ ಶಿಬಿರ ಬಂದರೆ ಸಾಲಿನಲ್ಲಿ ನಿಂತುಬಿಡಬೇಡ. ಲೂಪಸ್ ಇದೆ, ಇಂಥ ಮಾತ್ರೆ ನಡೆಯುತ್ತಿದೆ ಎಂದು ಹೇಳಿ ನನಗೆ ಫೋನ್ ಮಾಡಿಸು. ಅಲ್ಲಿ ಹಾಕಿಸಿಕೊಂಡೇಬಿಟ್ಟರೂ ಗಾಬರಿಯಿಲ್ಲ, ಅದನ್ನು ಮೊದಲನೆಯದೆಂದು ಲೆಕ್ಕಕ್ಕೆ ಹಿಡಿದು ಉಳಿದೆರಡು ಹಾಕಿಸೋಣ. ದಿನಾಂಕ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ ಬರೆದ ಚೀಟಿ ಮಾತ್ರ ಬಿಡದೆ ಇಸಿದುಕೋ.

ಯಾವ ಲಸಿಕೆ ಎಂಬುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 2023ರಲ್ಲಿ ತಂದ ಸೆರ್ವಾವ್ಯಾಕ್ 6, 11, 16, 18 ಈ ನಾಲ್ಕು ಬಗೆಗಳನ್ನು ತಡೆಯುತ್ತದೆ. ಗಾರ್ಡಸಿಲ್ 9 ಇನ್ನೂ ಐದನ್ನು ಸೇರಿಸುತ್ತದೆ, ಬೆಲೆ ಹಲವು ಪಟ್ಟು. ಮೂರು ಡೋಸಿನ ಖರ್ಚು ನೋಡಿ ತೀರ್ಮಾನಿಸೋಣ, ಶುರು ಮಾಡಿದ್ದರಲ್ಲೇ ಮುಗಿಸುವುದು ಒಳ್ಳೆಯದು. ಮೆಡಿಕಲ್ ಸ್ಟೋರಿನಲ್ಲಿ ಕೊಂಡು ಬಸ್ಸಿನಲ್ಲಿ ಹೊತ್ತೊಯ್ಯುವುದಂತೂ ಬೇಡ. ಅದು 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಯಾಗಬಾರದೆಂದು ಐಸಿಗೆ ತಾಗಿಸಿಟ್ಟು ಹೆಪ್ಪುಗಟ್ಟಿಸಿದರೆ ಪೂರ್ತಿ ಹಾಳು. ಫ್ರಿಜ್ ಸರಿಯಿರುವ ಆಸ್ಪತ್ರೆಯಲ್ಲೇ ತೆಗೆದು ಅಲ್ಲೇ ಹಾಕಿಸೋಣ.

ಅವತ್ತು ಬೆಳಗಿನ ಮಾತ್ರೆ, ಮುಖ್ಯವಾಗಿ ಸ್ಟೀರಾಯ್ಡ್, ತಪ್ಪಿಸಬೇಡ. ತಿಂಡಿ ತಿಂದು, ನೀರು ಕುಡಿದು ಹೊರಡು. ಮುಟ್ಟಾಗಿದ್ದರೆ ಪರವಾಗಿಲ್ಲ, ನೆಗಡಿಯಿದ್ದರೂ ಪರವಾಗಿಲ್ಲ. ಜ್ವರ ಜೋರಾಗಿದ್ದರೆ ಮುಂದೂಡೋಣ. ಹೊಸ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಬಂದಿದ್ದರೆ ನರ್ಸಿಗೆ ಮೊದಲೇ ಹೇಳಬೇಕು. ತೆಳು ಸೂಜಿ ಬಳಸಿ, ಉಜ್ಜದೆ ಎರಡು ನಿಮಿಷ ಒತ್ತಿ ಹಿಡಿಯುತ್ತಾರೆ. ಡೋಸ್ ಅರ್ಧ ಮಿಲಿಲೀಟರ್, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಮುಗಿದ ಮೇಲೆ ಹದಿನೈದು ನಿಮಿಷ ಕೂತಿರು. ನಿನ್ನ ವಯಸ್ಸಿನವರು ತಲೆ ಸುತ್ತಿ ಬೀಳುವುದುಂಟು, ಪೆಟ್ಟಾಗುವುದು ಸೂಜಿಯಿಂದಲ್ಲ, ಬಿದ್ದದ್ದರಿಂದ.

ತೋಳು ಒಂದೆರಡು ದಿನ ನೋಯುತ್ತದೆ, ಸಣ್ಣ ಜ್ವರ ಬರಬಹುದು. ಪ್ಯಾರಾಸಿಟಮಾಲ್ 500 ಸಾಕು, ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು. ಮುಂಚಿತವಾಗಿ ನುಂಗುವುದು ಬೇಡ. ಐಬುಪ್ರೊಫೆನ್ ಮುಟ್ಟಲೇಬೇಡ, ನಿನ್ನ ಮೂತ್ರಪಿಂಡಕ್ಕೆ ಅದು ಆಗದು, ನಿನಗೆ ಗೊತ್ತು. ಜ್ವರ ಎರಡು ದಿನ ದಾಟಿದರೆ ಅಥವಾ 101 ಮೀರಿದರೆ ಲಸಿಕೆಯದ್ದೇ ಇರಬೇಕು ಎಂದು ಸುಮ್ಮನಿರಬೇಡ, ನಿನ್ನಂಥವರಿಗೆ ಅದು ಸೋಂಕೂ ಇರಬಹುದು. ಕೀಲು ಊತ, ಕೆನ್ನೆಯ ಕೆಂಪು, ಮೂತ್ರದಲ್ಲಿ ನೊರೆ, ಕಾಲು ಬಾವು ಕಂಡರೆ ಅವತ್ತೇ ಹೇಳು. ಲೂಪಸ್ ಇರುವವರಲ್ಲಿ ನಡೆದ ಅಧ್ಯಯನಗಳಲ್ಲಿ ಈ ಲಸಿಕೆಯಿಂದ ಕಾಯಿಲೆ ಕೆರಳುವುದು ಹೆಚ್ಚಾದದ್ದು ಕಂಡಿಲ್ಲ. ಆದರೆ ತನ್ನಷ್ಟಕ್ಕೇ ಕೆರಳುವ ಕಾಯಿಲೆ ಅದೇ ವಾರವೂ ಕೆರಳಬಹುದಲ್ಲ.

ಜೂನ್ ಮೊದಲ ವಾರ ಒಂದು, ಆಗಸ್ಟಿನಲ್ಲಿ ಇನ್ನೊಂದು, ಡಿಸೆಂಬರಿನಲ್ಲಿ ಕೊನೆಯದು. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲೇ ಮುಗಿಯುತ್ತದೆ. ನಡುವೆ ಕಾಯಿಲೆ ಕೆರಳಿ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಬೇಗ ಹಾಕಿಸಿದರೆ ಮಾತ್ರ ತೊಂದರೆ: ಒಂದನೆಯದಕ್ಕೂ ಎರಡನೆಯದಕ್ಕೂ ನಾಲ್ಕು ವಾರ, ಎರಡನೆಯದಕ್ಕೂ ಮೂರನೆಯದಕ್ಕೂ ಹನ್ನೆರಡು ವಾರ, ಮೊದಲಿಂದ ಕೊನೆಗೆ ಐದು ತಿಂಗಳು ಕನಿಷ್ಠ ಇರಬೇಕು.

ಫಾರಂಗೆ ಸಹಿ ನನ್ನದು, ತೋಳು ನಿನ್ನದು. ಒಪ್ಪಿಗೆಯೋ, ಇನ್ನೇನಾದರೂ ಕೇಳಬೇಕೋ, ಭಾನುವಾರ ಫೋನ್ ಮಾಡಿದಾಗ ಹೇಳು. ಸೋಮವಾರ ಡಾಕ್ಟರ ಅಪಾಯಿಂಟ್‌ಮೆಂಟ್ ಬರೆಸಬೇಕು.

ಅಮ್ಮ